ದುಡ್ಡು ಬರಲಿ, ಕಾರು ಅಲ್ಲೇ ಇರಲಿ

ಬ್ರಿಟನ್ನಿನ ಕಾರು ಅಗ್ಗವಾಗುತ್ತದಂತೆ. ಈ ವಾರ ಟಿವಿ ಚರ್ಚೆಯಲ್ಲಿ ಮತ್ತೆ ಅದೇ ಸಂಭ್ರಮ. 2025ರ ಜುಲೈ 24ರಂದು ಸಹಿ ಬಿದ್ದ ವ್ಯಾಪಾರ ಒಪ್ಪಂದದ ಪ್ರಕಾರ ಶೇ 100ಕ್ಕೂ ಮೇಲಿದ್ದ ಆಮದು ಸುಂಕ, ಕೋಟಾದ ಮಿತಿಯೊಳಗೆ ಹಂತ ಹಂತವಾಗಿ ಶೇ 10ಕ್ಕೆ ಇಳಿಯುತ್ತದೆ. ರೇಂಜ್ ರೋವರ್ ಕೊಳ್ಳುವವರಿಗೆ ಅಭಿನಂದನೆ. ಪಾಪ, ಅವರ ಕಷ್ಟ ನೋಡಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನಿಂದ ತಂಗಿಯ ಮಗನ ಫೋನು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಾನೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ಇನ್ನು ಉಡುಪಿಯೇ ಸೈ ಎಂದು ತೀರ್ಮಾನಿಸಿದ್ದಾನೆ. ಎರಡು ವರ್ಷದ ನಿಸ್ಸಾನ್ ಕಷ್ಕಾಯ್ ಇದೆ, ಸಂಡರ್‌ಲ್ಯಾಂಡ್ ಕಾರ್ಖಾನೆಯದ್ದು, ಸಾಲ ತೀರಿದೆ. "ಮಾವ, ಕಾರು ತರುದಾ, ಅಲ್ಲ ಇಲ್ಲೇ ಮಾರಿ ಬರುದಾ?"

ಊರಿಗೆ ಮರಳುವವರ ಹಳೇ ಫ್ರಿಜ್, ವಾಷಿಂಗ್ ಮೆಷಿನ್‌ಗಳಿಗೆ ನಮ್ಮ ಸರ್ಕಾರ ಸುಂಕದಲ್ಲಿ ರಿಯಾಯಿತಿ ಕೊಡುತ್ತದೆ. ಕಾರಿಗೆ ಇಲ್ಲ. ಹೊರದೇಶದಲ್ಲಿ ಎಷ್ಟೇ ವರ್ಷ ದುಡಿದಿರಲಿ, ಕಾರು ಬ್ಯಾಗೇಜ್ ಅಲ್ಲ. ಹಾಗೆಂದು ತರಲೇಬೇಡಿ ಎಂದೂ ಹೇಳುವುದಿಲ್ಲ. ತನ್ನಿ, ಆದರೆ ತಯಾರಾಗಿ ಮೂರು ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಕ್ಕಿರಬೇಕು. ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು (ಬ್ರಿಟನ್ನಿನವರು ಇನ್ನೂ ಮೈಲಿಯಲ್ಲೇ ಓಡುತ್ತಿದ್ದಾರೆ). ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇದೆ, ಅಷ್ಟೂ ಕಾಲ ಸರ್ವಿಸ್ ಸಿಗುತ್ತದೆ ಎಂಬ ಭರವಸೆ ಕೊಡಬೇಕು. ಕಷ್ಕಾಯ್ ನಮ್ಮಲ್ಲಿ ಮಾರಾಟಕ್ಕೇ ಇಲ್ಲ. ಭರವಸೆ ಕೊಡುವವರು ಯಾರು? ಹಡಗು ಹತ್ತುವ ಮೊದಲು ಅಲ್ಲೊಂದು ತಪಾಸಣೆ ಪತ್ರ, ಇಳಿದ ಮೇಲೆ ಇಲ್ಲಿನ ಪರೀಕ್ಷಾ ಸಂಸ್ಥೆಯಿಂದ ಇನ್ನೊಂದು.

ಇನ್ನು ಸುಂಕ. ಹುಡುಗ ಕಾರನ್ನು ಎಷ್ಟಕ್ಕೆ ಕೊಂಡ, ಇವತ್ತು ಅಲ್ಲಿ ಎಷ್ಟಕ್ಕೆ ಹೋಗುತ್ತದೆ ಎಂಬುದು ಲೆಕ್ಕಕ್ಕಿಲ್ಲ. ಲೆಕ್ಕ ಶುರುವಾಗುವುದೇ ಕಂಪನಿಯ ಹೊಸ ಕಾರಿನ ಬೆಲೆಯಿಂದ. ಸವಕಳಿ ಎಂದು ಮೊದಲ ವರ್ಷ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3 ಕಳೆಯುತ್ತಾರೆ. ಎರಡು ವರ್ಷಕ್ಕೆ ಶೇ 28. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಕೂಡಿಸಿ ಸುಂಕ. ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಜಿಎಸ್‌ಟಿ. ಒಟ್ಟಿನಲ್ಲಿ ತೆರಿಗೆಯೇ ಕಾರಿನ ಮೌಲ್ಯದ ಎರಡು ಪಟ್ಟು ದಾಟುತ್ತದೆ. ಆಮೇಲೆ ಉಡುಪಿಯ ಆರ್‌ಟಿಒದಲ್ಲಿ ಜೀವಾವಧಿ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದ ದರ ಶೇ 18. ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರು ಬೇಕು ಎನ್ನುವುದು ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ.

ನಮ್ಮ ಮಂಗಳೂರು ಬಂದರಿಗೆ ಅನ್ಯಾಯವಾಗುತ್ತಿದೆ ಎಂಬ ನನ್ನ ಹಳೇ ರಾಗ ಗೊತ್ತಿರುವವರು ಈಗಲೇ ನಗುತ್ತಿರಬಹುದು. ನಗಲಿ. ಬಳಸಿದ ಕಾರು ಇಡೀ ದೇಶದಲ್ಲಿ ಇಳಿಯಬೇಕಾದದ್ದು ಒಂದೇ ಬಂದರಿನಲ್ಲಿ: ಮುಂಬಯಿ. ಪಣಂಬೂರಿನಲ್ಲಿ ಐವತ್ತು ವರ್ಷದಿಂದ ಒಂದು ಬಂದರಿದೆ. ನಮ್ಮ ಕಾಫಿ, ಗೋಡಂಬಿ ಅಲ್ಲಿಂದ ಹಡಗು ಹತ್ತುತ್ತವೆ, ರಿಫೈನರಿಯ ಕಚ್ಚಾತೈಲ ಅಲ್ಲೇ ಇಳಿಯುತ್ತದೆ. ಅಷ್ಟೆಲ್ಲ ನಿಭಾಯಿಸುವ ನವಮಂಗಳೂರಿಗೆ ಒಬ್ಬ ನರ್ಸಿನ ಹಳೇ ಕಾರು ಇಳಿಸಲು ಯೋಗ್ಯತೆ ಇಲ್ಲವೇ? ನಮ್ಮ ಅಜ್ಜಂದಿರು ಹೊಟ್ಟೆಪಾಡಿಗೆ ಮುಂಬಯಿಯ ಹೋಟೆಲುಗಳಿಗೆ ಹೋದರು. ಮೊಮ್ಮಕ್ಕಳು ಸಮುದ್ರ ದಾಟಿ ದುಡಿದು ಬಂದರೂ ಅದೇ ಮುಂಬಯಿಗೆ ಹೋಗಿ ಕ್ಲಿಯರಿಂಗ್ ಏಜೆಂಟರ ಬಾಗಿಲಲ್ಲಿ ನಿಲ್ಲಬೇಕು.

ಗಲ್ಫಿನವರಿಗೆ ಈ ಭಾಗ್ಯವೂ ಇಲ್ಲ. ದುಬೈ, ದಮ್ಮಾಮ್, ದೋಹಾದ ಕಾರುಗಳ ಸ್ಟೇರಿಂಗ್ ಎಡಕ್ಕಿದೆ. ಮಾತು ಅಲ್ಲಿಗೇ ಮುಗಿಯಿತು. ಅವರು ತರುತ್ತಿದ್ದದ್ದು ಟಿವಿ. ಕಂಬಳಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಮೇಲೆ ಮಾರ್ಕರಿನಲ್ಲಿ ಹೆಸರು, ಊರು, ತಾಲೂಕು ಬರೆದ ಆ ಪೆಟ್ಟಿಗೆ ಬಜಪೆ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ತೂರಾಡುತ್ತ ಬರುವುದನ್ನು ಕರಾವಳಿಯವರು ಮರೆತಿಲ್ಲ. 2013ರ ಆಗಸ್ಟಿನಲ್ಲಿ ಅದಕ್ಕೂ ಶೇ 35 ಸುಂಕ ಬಿತ್ತು.

ಸಚಿನ್ ತೆಂಡೂಲ್ಕರ್‌ಗೆ ಫೆರಾರಿ ಉಡುಗೊರೆಯಾಗಿ ಬಂದಾಗ ಸರ್ಕಾರ ಒಂದು ಕೋಟಿಗೂ ಹೆಚ್ಚಿನ ಸುಂಕ ಮನ್ನಾ ಮಾಡಲು ಹೊರಟಿತ್ತು. 2003ರಲ್ಲಿ ಗದ್ದಲವೆದ್ದು, ಕೊನೆಗೆ ಕಾರು ಕೊಟ್ಟ ಕಂಪನಿಯೇ ಹಣ ಕಟ್ಟಿತು. ಅಂದರೆ ಮನಸ್ಸು ಮಾಡಿದರೆ ಮನ್ನಾ ಮಾಡುವ ದಾರಿ ನಿಯಮದಲ್ಲಿದೆ. ಆ ದಾರಿ ಕಾಣಬೇಕಾದರೆ ಶತಕ ಹೊಡೆದಿರಬೇಕು, ಅಷ್ಟೇ.

ಬ್ರಿಟನ್ ಏನು ಮಾಡುತ್ತದೆ ನೋಡಿ. ಹೊರಗೆ ಒಂದು ವರ್ಷ ವಾಸವಿದ್ದು, ಆರು ತಿಂಗಳಾದರೂ ಸ್ವಂತಕ್ಕೆ ಬಳಸಿದ ಕಾರನ್ನು ಮನೆ ಬದಲಾಯಿಸುವವರು ಜೊತೆಗೆ ತಂದರೆ ಸುಂಕವಿಲ್ಲ, ವ್ಯಾಟ್ ಇಲ್ಲ. ಮೊದಲೇ ಅರ್ಜಿ ಹಾಕಬೇಕು, ಒಂದು ವರ್ಷ ಮಾರುವಂತಿಲ್ಲ. ಹೋಗುವಾಗ ನಮ್ಮ ಹುಡುಗ ಅಪ್ಪನ ಹಳೇ ಆಲ್ಟೋವನ್ನೇ ಹಡಗಿಗೆ ಹಾಕಿದ್ದರೂ, ವಾಹನ ತಪಾಸಣೆ ಪಾಸಾದರೆ ಬಿಳಿಯರ ದೇಶ ಪುಕ್ಕಟೆ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಹುಟ್ಟಿದ ದೇಶ ಮಾತ್ರ ಅವನ ಕಾರಿಗೆ ಗೇಟು ಹಾಕುತ್ತದೆ.

ದುರುಪಯೋಗವಾಗುತ್ತದೆ ಎನ್ನುತ್ತಾರೆ. ಹೌದು, ವಿದೇಶದಿಂದ ಮರಳುವವರ ಹೆಸರಿನಲ್ಲಿ ಯಾರದ್ದೋ ದುಬಾರಿ ಕಾರು ತಂದವರಿದ್ದಾರೆ. ಆದರೆ ಇಷ್ಟು ಬಿಗಿ ನಿಯಮವಿದ್ದೂ 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ದಾಳಿ ಮಾಡಿದ್ದು ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದವೆನ್ನಲಾದ ಕಾರುಗಳಿಗಾಗಿ. ಕಳ್ಳದಾರಿಯಲ್ಲಿ ತರುವವನಿಗೆ ಮೂರು ವರ್ಷದ ಮಿತಿ ಇಲ್ಲ, ಸ್ಪೀಡೋಮೀಟರಿನ ಚಿಂತೆ ಇಲ್ಲ, ಮುಂಬಯಿಯೂ ಬೇಡ. ನಿಯಮ ಓದುವುದು ಫೋನು ಮಾಡಿ ಕೇಳುವ ಪ್ರಾಮಾಣಿಕರು ಮಾತ್ರ.

ಪರಿಹಾರ ಕಷ್ಟದ್ದೇನಲ್ಲ. ಜೀವಮಾನದಲ್ಲಿ ಒಬ್ಬರಿಗೆ ಒಂದೇ ಕಾರು, ಐದು ವರ್ಷ ಮಾರುವಂತಿಲ್ಲ, ಆರ್‌ಸಿ ಮೇಲೆ ಮುದ್ರೆ ಒತ್ತಿ, ಜಿಎಸ್‌ಟಿ ಕಟ್ಟಿಸಿಕೊಂಡು ಬಿಡಿ. ಹೊರದೇಶದಲ್ಲಿ ದುಡಿಯುವವರು 2024ರಲ್ಲಿ ಭಾರತಕ್ಕೆ ಕಳಿಸಿದ ಹಣ ವಿಶ್ವಬ್ಯಾಂಕಿನ ಅಂದಾಜಿನಂತೆ 129 ಶತಕೋಟಿ ಡಾಲರ್. ಅದನ್ನು ಎಣಿಸಿಕೊಳ್ಳುವಾಗ ಯಾವ ತಪಾಸಣೆ ಪತ್ರವನ್ನೂ ಕೇಳಿದ ನೆನಪಿಲ್ಲ.

ಅಳಿಯನಿಗೆ ಕಾರು ಅಲ್ಲೇ ಮಾರಿ ಬಾ ಎಂದಿದ್ದೇನೆ. ಸರ್ಕಾರಕ್ಕೂ ಒಂದು ಸಲಹೆ: ಆ ನಿಯಮಗಳನ್ನೆಲ್ಲ ತೆಗೆದುಹಾಕಿ "ದುಡ್ಡು ಕಳಿಸಿ, ಬೇಕಾದರೆ ನೀವೂ ಬನ್ನಿ, ಕಾರು ತರಬೇಡಿ" ಎಂದು ಒಂದೇ ಸಾಲು ಬರೆದುಬಿಡಿ. ಕಾಗದವಾದರೂ ಉಳಿಯುತ್ತದೆ.