ಬೀರುವಿನಲ್ಲೇ ಉಳಿದ ಎಚ್ಚರಿಕೆ

ನಮ್ಮ ಕೆಮಿಸ್ಟ್ರಿ ಲ್ಯಾಬಿನ ಬೀರುವಿನಲ್ಲಿ ಒಂದು ದಪ್ಪ ಫೈಲಿದೆ. ಮೇಲೆ ‘ಸೇಫ್ಟಿ ಡೇಟಾ ಶೀಟ್’ ಅಂತ ಬರೆದಿದೆ. ಇನ್ಸ್‌ಪೆಕ್ಷನ್ ದಿನ ಹೊರಗೆ ಬರುತ್ತೆ, ಮರುದಿನ ಒಳಗೆ ಹೋಗುತ್ತೆ. ಓದಿದವರು ಯಾರು? ನಾವಂತೂ ಅಲ್ಲ.

ಪ್ರತಿ ಶೀಟಿನಲ್ಲೂ 16 ವಿಭಾಗಗಳು. ಯಾವ ಕಂಪನಿಯ ಬಾಟಲಿಯಾದರೂ ಕ್ರಮ ಒಂದೇ. ಪ್ರಯೋಗಕ್ಕೆ ಮುಂಚೆ ನಾಲ್ಕನ್ನಾದರೂ ಓದಲೇಬೇಕು. 2ರಲ್ಲಿ ಅಪಾಯ ಏನು ಅಂತಿದೆ, 4ರಲ್ಲಿ ಪ್ರಥಮ ಚಿಕಿತ್ಸೆ, 8ರಲ್ಲಿ ಯಾವ ಗ್ಲೌಸ್, 10ರಲ್ಲಿ ಯಾವುದರ ಜೊತೆ ಸೇರಿಸಬಾರದು.

ನಾವು ಹಾಕೋ ನೀಲಿ ನೈಟ್ರೈಲ್ ಗ್ಲೌಸ್ ಅಸಿಟೋನನ್ನು ಹೆಚ್ಚು ಹೊತ್ತು ತಡೆಯೋದಿಲ್ಲ. ಅದಕ್ಕೆ ಬ್ಯೂಟೈಲ್ ರಬ್ಬರ್ ಬೇಕು. ಅದೇ ಅಸಿಟೋನನ್ನು ನೈಟ್ರಿಕ್ ಆಸಿಡ್ ಇರುವ ವೇಸ್ಟ್ ಬಾಟಲಿಗೆ ಸುರಿದು ಮುಚ್ಚಳ ಬಿಗಿದರೆ, ಬಿಸಿಯೇರಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು.

ಆಗ ಪಕ್ಕದಲ್ಲಿ ಇರೋರು ಯಾರು? ನಾವಲ್ಲ. ನಾವು ಕ್ಯಾಂಟೀನಿಗೆ ಹೋದ ಮೇಲೆ ಗಾಜಿನ ಸಾಮಾನು ತೊಳೆಯೋ ಅಟೆಂಡರ್ ಅಣ್ಣ. ಫೈಲೆಲ್ಲ ಇಂಗ್ಲಿಷಿನಲ್ಲಿದೆ, ಅವರು ಓದೋದು ಕನ್ನಡ.

ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವ ನಾವು ಈ ನವೆಂಬರಿನಲ್ಲಿ ಇನ್ನೊಂದು ಕೆಲಸ ಮಾಡೋಣ. ಹೆಚ್ಚು ಬಳಸುವ 10 ರಾಸಾಯನಿಕಗಳಿಗೆ ತಲಾ ಒಂದು ಪುಟ, ದೊಡ್ಡಕ್ಷರದ ಕನ್ನಡದಲ್ಲಿ ಬರೆದು ಸಿಂಕಿನ ಮೇಲಿನ ಗೋಡೆಗೆ ಅಂಟಿಸೋಣ. ಅನುವಾದ ತಪ್ಪಾದರೆ ಅಂತೀರಾ? ಪ್ರಶ್ನೆ ಸರಿಯೇ. ಅದಕ್ಕೇ ಮೇಷ್ಟ್ರು ತಿದ್ದಿ ಸಹಿ ಹಾಕಲಿ, ಅಟೆಂಡರ್ ಅಣ್ಣ ಓದಿ ‘ಅರ್ಥ ಆಯ್ತು’ ಅನ್ನಲಿ. ಆಮೇಲೆ ಅಂಟಿಸೋಣ.

ಮೊದಲ ಪುಟ ನೈಟ್ರಿಕ್ ಆಸಿಡ್‌ದು. ಕೈಜೋಡಿಸೋರು ಸಂಘದ ರೂಮಿಗೆ ಬನ್ನಿ.