‘ಡ್ಯುಯಲ್ ಇಲ್ಲ’ ಅಂದ್ರೆ ಏನರ್ಥ?

ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಡ್ಯುಯಲ್ ಬರೆಯೋದು ನಮಗೆಲ್ಲ ಗೊತ್ತು. ಪ್ರತಿ ಮೆಶ್ ಒಳಗೊಂದು ಚುಕ್ಕಿ, ಹೊರಗೊಂದು ಚುಕ್ಕಿ, ಒಂದೊಂದು ಎಲಿಮೆಂಟನ್ನೂ ದಾಟಿಹೋಗುವ ಗೆರೆ. ಇಂಡಕ್ಟರ್ ಇದ್ದಲ್ಲಿ ಕೆಪಾಸಿಟರ್, ಮಾರ್ಕ್ಸ್ ಗ್ಯಾರಂಟಿ. ನೋಟ್ಸಿನ ಕೊನೆಗೆ ಒಂದು ಸಾಲು: ‘ನಾನ್‌ಪ್ಲೇನಾರ್ ನೆಟ್‌ವರ್ಕ್‌ಗೆ ಡ್ಯುಯಲ್ ಇಲ್ಲ.’ ಯಾಕಿಲ್ಲ ಅಂತ ನಾವೂ ಕೇಳಲಿಲ್ಲ, ಪರೀಕ್ಷೆಯಲ್ಲೂ ಕೇಳಲಿಲ್ಲ.

ಆ ಸಾಲು ಸುಳ್ಳಲ್ಲ. ಗೆರೆಗಳು ಒಂದನ್ನೊಂದು ದಾಟದಂತೆ ಹಾಳೆಯ ಮೇಲೆ ಬರೆಯಬಹುದಾದ ಗ್ರಾಫ್‌ಗೆ ಮಾತ್ರ ಡ್ಯುಯಲ್ ಗ್ರಾಫ್ ಇರುತ್ತದೆ ಎಂದು ಹ್ಯಾಸ್ಲರ್ ವಿಟ್ನಿ 1932ರಲ್ಲಿ ಸಾಧಿಸಿದರು. ಆದರೆ ಅದು ಅರ್ಧ ಕತೆ. 1935ರಲ್ಲಿ ಅವರೇ ‘ಮ್ಯಾಟ್ರಾಯ್ಡ್’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಅಲ್ಲಿ ಚಿತ್ರ ಬೇಡ, ನೋಡ್ ಕೂಡ ಬೇಡ. ಎಡ್ಜ್‌ಗಳ ಯಾವ ಗುಂಪಿನಲ್ಲಿ ಲೂಪ್ ಇಲ್ಲ ಅನ್ನೋದಷ್ಟೇ ಲೆಕ್ಕ. ಇನ್ನೊಂದು ಎಡ್ಜ್ ಸೇರಿಸಿದರೆ ಲೂಪ್ ಆಗಿಬಿಡುವಷ್ಟು ತುಂಬಿದ ಗುಂಪು ಬೇಸಿಸ್, ಅಂದರೆ ನಮ್ಮ ಟ್ರೀ. ಈಗ ಟ್ರೀ ಬದಲು ಕೋಟ್ರೀಗಳನ್ನೇ ಬೇಸಿಸ್ ಅಂದುಕೊಳ್ಳಿ. ಅದೇ ಡ್ಯುಯಲ್ ಮ್ಯಾಟ್ರಾಯ್ಡ್. ಅದು ಯಾವತ್ತೂ ಇದ್ದೇ ಇರುತ್ತದೆ. ಅದರ ಡ್ಯುಯಲ್ ತೆಗೆದರೆ ಮತ್ತೆ ಮೊದಲಿನದೇ ಸಿಗುತ್ತದೆ.

ಐದು ನೋಡ್, ಪ್ರತಿ ಜೋಡಿಗೂ ಒಂದು ಎಡ್ಜ್, ಒಟ್ಟು 10 ಇರುವ ನೆಟ್‌ವರ್ಕ್ ತಗೊಳ್ಳಿ. ಗೆರೆ ದಾಟದೆ ಬರೆಯೋಕೆ ಆಗಲ್ಲ, ಮೆಶ್ ವಿಧಾನ ಕೈಕೊಡುತ್ತೆ. ಆದರೆ ಟ್ರೀಯಲ್ಲಿ 4, ಕೋಟ್ರೀಯಲ್ಲಿ 6 ಎಡ್ಜ್. ಕೆಸಿಎಲ್‌ನ 4 ಸಮೀಕರಣ, ಕೆವಿಎಲ್‌ನ 6 ಸಮೀಕರಣ ಆರಾಮಾಗಿ ಬರುತ್ತವೆ. ಇಲ್ಲಿನ ಕಟ್‌ಸೆಟ್‌ಗಳೇ ಡ್ಯುಯಲ್‌ನಲ್ಲಿ ಲೂಪ್‌ಗಳು. ಡ್ಯುಯಲ್ ಇದೆ, ಅದನ್ನು ಗ್ರಾಫ್ ಆಗಿ ಬರೆಯೋಕಾಗಲ್ಲ, ಅಷ್ಟೇ.

ಕಂಪ್ಯೂಟರ್ ಸೈನ್ಸ್‌ನವರೂ ತಪ್ಪಿಸಿಕೊಳ್ಳೋ ಹಾಗಿಲ್ಲ. ಲೂಪ್ ಆಗದಂತೆ ಕಡಿಮೆ ತೂಕದ ಎಡ್ಜ್‌ಗಳನ್ನು ಸೇರಿಸುತ್ತಾ ಹೋಗುವುದು ಕ್ರುಸ್ಕಲ್ ಆಲ್ಗಾರಿದಮ್. ಗ್ರಾಫ್ ತುಂಡಾಗದಂತೆ ಹೆಚ್ಚು ತೂಕದವನ್ನು ಕಿತ್ತುಹಾಕುತ್ತಾ ಬಂದರೂ ಕೊನೆಗೆ ಉಳಿಯುವುದು ಮಿನಿಮಮ್ ಸ್ಪ್ಯಾನಿಂಗ್ ಟ್ರೀಯೇ. ಎರಡನೆಯದು ಡ್ಯುಯಲ್ ಮೇಲೆ ನಡೆಯುವ ಅದೇ ದುರಾಸೆಯ ಆಟ. ನಾವು ಮಾತ್ರ ಎರಡು ಪ್ರಶ್ನೆ ಅಂತ ಬೇರೆ ಬೇರೆ ಬಾಯಿಪಾಠ ಮಾಡಿದೆವು.

‘ಸಿಲಬಸ್ ಈಗಲೇ ಭಾರ, ಪ್ಲೇಸ್‌ಮೆಂಟಲ್ಲಿ ಇದನ್ನ ಯಾರು ಕೇಳ್ತಾರೆ?’ ಅನ್ನಬಹುದು. ಒಪ್ಪಿದೆವು, ಯಾರೂ ಕೇಳಲ್ಲ. ‘ಇದು ಮ್ಯಾಥ್ಸ್‌ನವರ ಕೆಲಸ’ ಅನ್ನೋದನ್ನ ಮಾತ್ರ ಒಪ್ಪಲ್ಲ. ಐಐಟಿ ಬಾಂಬೆಯ ಎಚ್. ನಾರಾಯಣನ್ ಎಲೆಕ್ಟ್ರಿಕಲ್ ವಿಭಾಗದವರು. ನೆಟ್‌ವರ್ಕ್‌ಗಳನ್ನೂ ಮ್ಯಾಟ್ರಾಯ್ಡ್‌ಗಳನ್ನೂ ಒಟ್ಟಿಗೆ ಇಟ್ಟು 1997ರಲ್ಲೇ ದೊಡ್ಡ ಪುಸ್ತಕ ಬರೆದಿದ್ದಾರೆ.

ನಾವು ಹೊಸ ಕೋರ್ಸ್ ಕೇಳುತ್ತಿಲ್ಲ. ಕಟ್‌ಸೆಟ್, ಟೈಸೆಟ್ ಪಾಠ ಮುಗಿದ ಮೇಲೆ ಒಂದೇ ಒಂದು ಗಂಟೆ ಸಾಕು. ‘ಇಲ್ಲ’ ಅನ್ನೋದಕ್ಕೂ ‘ನಮಗೆ ಗೊತ್ತಿರೋ ರೀತಿಯಲ್ಲಿ ಬರೆಯೋಕಾಗಲ್ಲ’ ಅನ್ನೋದಕ್ಕೂ ಇರುವ ವ್ಯತ್ಯಾಸ ಇಂಜಿನಿಯರ್ ಆಗುವವರಿಗೆ ಗೊತ್ತಿರಬೇಕು. ನಾಲ್ಕು ವರ್ಷದಲ್ಲಿ ಅದಕ್ಕೆ ಒಂದು ಗಂಟೆ ಕೊಡೋದು ದುಬಾರಿಯೇನಲ್ಲ.