ಬರ್ನದೆತ್ ಎಂಬ ಹೆಸರು ಮತ್ತು ನಮ್ಮ ಹೆಣ್ಣುಮಕ್ಕಳು

ಜ್ಞಾನಸ್ನಾನಕ್ಕೆ ಮಗುವನ್ನು ತರುವ ತಂದೆತಾಯಿಗಳು ಹೆಸರಿನ ಅರ್ಥವನ್ನು ವಿಚಾರಿಸುವುದು ಸಹಜ. ಫ್ರಾನ್ಸ್ ದೇಶದಿಂದ ಬಂದು ನಮ್ಮ ಕಥೋಲಿಕ ಮನೆಗಳಲ್ಲಿ ನೆಲೆಸಿದ ಹೆಸರುಗಳಲ್ಲಿ ‘ಬರ್ನದೆತ್’ ಒಂದು. ಅದೇ ಕಥೆಯಿಂದ ಹುಟ್ಟಿದ ಲೂರ್ದು ಮೇರಿ, ಲೂರ್ದಮ್ಮ ಎಂಬ ಹೆಸರುಗಳೂ ಕನ್ನಡನಾಡಿನಲ್ಲಿವೆ.

ಪ್ರಾಚೀನ ಜರ್ಮನ್ ಭಾಷೆಯಲ್ಲಿ ‘ಬೆರ್ನ್’ ಎಂದರೆ ಕರಡಿ, ‘ಹಾರ್ಟ್’ ಎಂದರೆ ಗಟ್ಟಿಗ, ಧೀರ. ಎರಡೂ ಕೂಡಿ ಬರ್ನಾರ್ಡ್ ಆಯಿತು. ಅದರ ಸ್ತ್ರೀರೂಪ ಬರ್ನಾರ್ದ್. ಅದಕ್ಕೆ ಕಿರಿದು ಎಂಬರ್ಥದ ಪ್ರತ್ಯಯ ಸೇರಿದಾಗ ಬರ್ನದೆತ್, ಅಂದರೆ ‘ಪುಟ್ಟ ಬರ್ನಾರ್ದ್’. ಆದರೆ ಕರಡಿಯ ಧೈರ್ಯವನ್ನು ನೆನೆದು ಯಾರೂ ಮಗಳಿಗೆ ಈ ಹೆಸರನ್ನಿಡುವುದಿಲ್ಲ. ಹೆಸರು ವಸ್ತುವಿನ ಸ್ವಭಾವವನ್ನು ತಿಳಿಸುತ್ತದೆಯೋ ಅಥವಾ ಅದು ಬರಿಯ ರೂಢಿಯೋ ಎಂದು ಗ್ರೀಕ್ ತತ್ವಜ್ಞಾನಿ ಪ್ಲೇಟೋ ಚರ್ಚಿಸಿದ್ದಾನೆ. ಇಲ್ಲಿಯಂತೂ ಹೆಸರಿಗೆ ಅರ್ಥ ಬಂದಿರುವುದು ಅದನ್ನು ಹೊತ್ತವಳ ಬಾಳಿನಿಂದ.

1844ರ ಜನವರಿ 7ರಂದು ಲೂರ್ದಿನ ಗಿರಣಿಗಾರನೊಬ್ಬನ ಮನೆಯಲ್ಲಿ ಜನಿಸಿದ ಆ ಬಾಲೆಗೆ ಜ್ಞಾನಮಾತೆಯಾದ ತಾಯಿಯ ಸೋದರಿಯ ಹೆಸರನ್ನೇ ಇಡಲಾಯಿತು. ಗಿರಣಿ ಕೈಬಿಟ್ಟಿತು, ಹಳೆಯ ಸೆರೆಮನೆಯ ಒಂದೇ ಕೋಣೆ ಕುಟುಂಬಕ್ಕೆ ಮನೆಯಾಯಿತು. ಹದಿನಾಲ್ಕರ ಹುಡುಗಿಗೆ ಉಬ್ಬಸ ರೋಗ, ಓದುಬರಹ ಬಾರದು. 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ ಮಾತೆ ಮರಿಯಮ್ಮ ಹದಿನೆಂಟು ಬಾರಿ ದರ್ಶನವಿತ್ತುದು ಈ ಹುಡುಗಿಗೇ.

ದರ್ಶನದ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಮಾತೆ ಮಾತನಾಡಿದ್ದು ರಾಜಧಾನಿಯ ಫ್ರೆಂಚ್ ಭಾಷೆಯಲ್ಲಲ್ಲ, ಹುಡುಗಿಯ ಮನೆಮಾತಿನಲ್ಲಿ. ಅಲ್ಲದೆ ‘ನೀನು’ ಎನ್ನದೆ ‘ನೀವು’ ಎಂದು ಸಂಬೋಧಿಸಿ, ಹದಿನೈದು ದಿನ ಬರುವ ಉಪಕಾರ ಮಾಡುವಿರಾ ಎಂದು ಕೇಳಿಕೊಂಡರು. ಊರಿನಲ್ಲಿ ಯಾರೂ ಲೆಕ್ಕಕ್ಕಿಡದ ಬಡವರ ಮಗಳಿಗೆ ಸ್ವರ್ಗದ ರಾಣಿ ಕೊಟ್ಟ ಗೌರವವಿದು! ಮುಂದೆ ಧರ್ಮಗುರುಗಳು ಆ ಅಮ್ಮನವರ ಹೆಸರನ್ನು ಕೇಳಿ ಬರುವಂತೆ ಹೇಳಿದಾಗ, ಮಾರ್ಚ್ 25ರಂದು ‘ಅಮಲೋದ್ಭವಿ’ ಎಂಬ ಉತ್ತರ ದೊರೆಯಿತು. ಅರ್ಥ ತಿಳಿಯದ ಆ ಪದವನ್ನು ಮರೆಯದಿರಲು ಹುಡುಗಿ ದಾರಿಯುದ್ದಕ್ಕೂ ಉಚ್ಚರಿಸುತ್ತಾ ಓಡಿದಳು. 1933ರ ಡಿಸೆಂಬರ್ 8ರಂದು ಧರ್ಮಸಭೆ ಆಕೆಯನ್ನು ಸಂತಳೆಂದು ಸಾರಿತು. 1943ರ ಚಲನಚಿತ್ರವೂ ಹೆಸರನ್ನು ಮನೆಮನೆಗೆ ಮುಟ್ಟಿಸಿತು.

ತಾಳಿಕೋಟೆ, ಸಿಂದಗಿ, ಮುದ್ದೇಬಿಹಾಳಗಳಂತಹ ಊರುಗಳಲ್ಲಿ ಈ ಹೆಸರನ್ನು ನೆರೆಹೊರೆಯವರು ಸರಿಯಾಗಿ ಉಚ್ಚರಿಸಲಾರರೆಂಬ ಅಳುಕು ಕೆಲವರಿಗಿರಬಹುದು. ವಿದೇಶಿ ಹೆಸರೇ ಬೇಕೆಂಬ ಕಡ್ಡಾಯವೇನೂ ಇಲ್ಲ. 1983ರ ಧರ್ಮಸಭಾ ಕಾನೂನಿನ 855ನೆಯ ವಿಧಿ, ಕ್ರೈಸ್ತ ಭಾವನೆಗೆ ಪರಕೀಯವಾದ ಹೆಸರನ್ನು ಇಡದಂತೆ ಎಚ್ಚರ ವಹಿಸಿರೆಂದಷ್ಟೇ ಹೇಳುತ್ತದೆ. ಕರುಣಾ, ಶಾಂತಿ, ಅಮಲಾ ಎಂಬ ನಮ್ಮ ಹೆಸರುಗಳೂ ಅಷ್ಟೇ ಯೋಗ್ಯ.

ನನ್ನ ಚಿಂತೆ ಬೇರೆ. ಸಂತಳ ಹೆಸರನ್ನಿಟ್ಟ ಮಗಳನ್ನು ಏಳನೆಯ ತರಗತಿಗೇ ಶಾಲೆ ಬಿಡಿಸಿದರೆ, ಹದಿನೆಂಟು ತುಂಬುವ ಮೊದಲೇ ಗಂಡು ಹುಡುಕಿದರೆ, ಮನೆಯ ಮಾತುಕತೆಯಲ್ಲಿ ‘ನೀ ಸುಮ್ನಿರು’ ಎಂದು ಗದರಿದರೆ ಆ ಹೆಸರಿಗೆ ನಾವು ಯಾವ ಮರ್ಯಾದೆ ಕೊಟ್ಟಂತಾಯಿತು? ಹೆಸರಿಡುವುದು ಒಂದು ದಿನದ ಕೆಲಸ. ಕರೆಯುವುದು ದಿನದಿನದ ಕೆಲಸ. ಪ್ರಿಯ ತಂದೆತಾಯಿಗಳೇ, ಯಾವ ಹೆಸರನ್ನಾದರೂ ಇಡಿರಿ. ಅದರ ಹಿಂದಿನ ಬಾಳನ್ನು ಮಗಳಿಗೆ ತಿಳಿಸಿರಿ, ಲೂರ್ದಿನ ಮಾತೆ ಆ ಬಡಬಾಲೆಗೆ ತೋರಿದ ಗೌರವವನ್ನು ಆಕೆಗೂ ತೋರಿರಿ.